ನಿಂಬೆತೋಟಕ್ಕೆ ಖರ್ಚಾದ ನೆಪ

ದ್ಯಾಮನಗೌಡರು ಮತ್ತೊಮ್ಮೆ ನನ್ನ ಮನೆಯ ಕಟ್ಟೆ ಹತ್ತುವುದನ್ನು ಕಂಡಾಗಲೇ ನನಗೆ ತಲೆ ಚಿಟ್ಟು ಹಿಡಿಯಿತು. ಗೌಡರು ನಮ್ಮೂರಿನ ಹಿರಿಯರು. ತಲೆಗೆ ಸುತ್ತಿದ ಪಟಗ ದೊಡ್ಡದು, ದನಿ ದೊಡ್ಡದು, ಅವರ ಮನೆಯ ಕಷ್ಟಗಳೂ ಯಾವಾಗಲೂ ದೊಡ್ಡವೇ. ಕೂತವರೇ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಶಾವಂತ್ರವ್ವಾ, ಒಂದು ನೆಪಾ ಹೊಸದ ಕೊಡವಾ. ನಾಳೆ ನಮ್ಮ ಲಿಂಬಿ ತ್ವಾಟಕ್ಕ ಹೊಡೀತಾರಂತ," ಎಂದರು.

"ಮೊನ್ನೆರ ನಿಮ್ಮ ಬಣವಿಗೆ ಒಂದು ಕೊಟ್ಟೀನಿ. ಅದರ ಹಿಂದ ನಿಮ್ಮ ಮಗನ ಮದುವಿ ಹಂದರಕ್ಕ ಒಂದು ಕೊಟ್ಟೀನಿ. ನಡುವ ಒಂದರ ಪೆಟ್ಟು ತಿಂದೀವೇನ್ರಿ ನಾವು?"

"ಆ ಲಿಂಬಿಗಿಡಾ ನಮ್ಮಪ್ಪ ಹಚ್ಚಿದ್ದು, ತಂಗಿ."

"ಎಲ್ಲಾರ ಗಿಡಾನೂ ಯಾರದರ ಅಪ್ಪನ ಹಚ್ಚಿರ್ತಾನ್ರಿ ಗೌಡ್ರ."

ಗೌಡರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ದೊಡ್ಡವರಿಗೆ ಬೈದರೆ ಇದೊಂದು ಕಷ್ಟ, ಬೈಗುಳ ಅವರ ಮೈಗೆ ಹತ್ತುವುದೇ ಇಲ್ಲ.

ನಾನು ಈ ಊರಿನ ನೆಪಗಾರ್ತಿ. ಕೆಲವರು ಬತ್ತಿ ಹೊಸೆಯುತ್ತಾರೆ, ಕೆಲವರು ಶಾವಿಗೆ ಹೊಸೆಯುತ್ತಾರೆ, ನಾನು ನೆಪ ಹೊಸೆಯುತ್ತೇನೆ. ನಮಗೂ ಕೊಳ್ಳದ ಆಚೆಯವರಿಗೂ ನಮ್ಮ ಅಜ್ಜಂದಿರ ಕಾಲದಿಂದ ಯುದ್ಧ ನಡೆದಿದೆ. ಯಾಕೆ ಎಂದು ಕೇಳಬೇಡಿ, ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಸಿಕ್ಕಿದೆ. ಅವರ ಗುಡ್ಡದ ಮೇಲೆ ಗುಂಡು ಹಾರಿಸುವ ಒಂದು ತೋಪು ಇದೆ, ಒಂದು ದುರ್ಬೀನು ಇದೆ. ನಮ್ಮ ಬಳಿ ಅತ್ತೆ ಇದ್ದಾಳೆ.

ಅತ್ತೆ ಎಂದರೆ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿರುವ ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಮೈತುಂಬ ತಾಮ್ರದ ಸುರುಳಿ, ಮುಂದೆ ಒಂದು ಜಾಲರಿ. ಆಚೆಯವರು ತಮ್ಮ ಚಾವಡಿಯಲ್ಲಿ ಕೂತು ಆಡುವ ಪ್ರತಿ ಮಾತೂ ಆ ಜಾಲರಿಯಿಂದ ಕೇಳುತ್ತದೆ, ಕೆಮ್ಮಿದ್ದು ಕೂಡ. ಗೋಡೆಯಾಚೆಯ ಪಿಸುಮಾತನ್ನೂ ಬಿಡದ ಯಂತ್ರಕ್ಕೆ ಹಿಂದಿನವರು ಇಟ್ಟ ಹೆಸರು ಸರಿಯಾಗಿಯೇ ಇದೆ. ಗಿರಣಿಯ ಗದ್ದಲದಲ್ಲಿ ಅವಳ ದನಿ ಹೊರಗೆ ಬರುವುದಿಲ್ಲ. ಗಿರಣಿಯ ಫಕ್ರುಸಾಬ ದಿನವೂ ಅವಳ ಮುಂದೆ ಕಿವಿಯಿಟ್ಟು ಕೂರುತ್ತಾನೆ, ಕೇಳಿದ್ದನ್ನು ಮೊದಲು ನನಗೆ ಬಂದು ಹೇಳುತ್ತಾನೆ, ಆಮೇಲೆ ನಾನು ನಮ್ಮ ಚಾವಡಿಗೆ ಹೇಳುತ್ತೇನೆ.

ಅಂಥದ್ದು ಕೈಯಲ್ಲಿದ್ದರೆ ದಿನಾ ಗೆಲ್ಲಬಹುದಲ್ಲ ಎಂದು ಯಾರಿಗಾದರೂ ಅನಿಸೀತು. ಗೆಲ್ಲಬಹುದು, ಒಂದು ವಾರ. ಆಚೆಯವರು ಶತ್ರುಗಳೇ ಹೊರತು ದಡ್ಡರಲ್ಲ. ಹೊಡೆದ ಗುಂಡೆಲ್ಲ ಖಾಲಿ ಜಾಗಕ್ಕೇ ಬಿದ್ದರೆ ಕುರಿ ಕಾಯುವವನಿಗೂ ಸಂಶಯ ಬರುತ್ತದೆ. ಸಂಶಯ ಬಂದ ದಿನ ಅವರು ಬಾಯಿ ಮುಚ್ಚಿ ಕೈಸನ್ನೆಯಲ್ಲೇ ಸಭೆ ನಡೆಸುತ್ತಾರೆ. ಅತ್ತೆಗೆ ಕಿವಿ ಇದೆ, ಕಣ್ಣಿಲ್ಲ. ಕೊಳ್ಳದ ತಲೆಯಲ್ಲಿರುವ ಮೇಲ್ಕೆರೆಯ ಕಟ್ಟೆ ಅವರ ಕೈಯಲ್ಲಿದೆ. ಎಂದಾದರೊಂದು ದಿನ ಅದನ್ನು ಒಡೆಯುವ ಮಾತು ಬಂದೇ ಬರುತ್ತದೆ. ಒಡೆದರೆ ನಮ್ಮ ಮನೆಗಳ ಒಂದು ಜಂತಿಯೂ ಉಳಿಯುವುದಿಲ್ಲ. ಆ ಮಾತು ನಮಗೆ ಮೊದಲೇ ಕೇಳಬೇಕು. ಅತ್ತೆಯನ್ನು ಇಟ್ಟುಕೊಂಡಿರುವುದು ಅದಕ್ಕೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವುದಕ್ಕಲ್ಲ.

ಅದಕ್ಕೇ ನಮ್ಮಲ್ಲಿ ನೆಪವಿಲ್ಲದೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಗುಂಡು ಬೀಳುವ ಜಾಗ ಖಾಲಿಯಾಗಬೇಕಾದರೆ, ಯಾಕೆ ಖಾಲಿಯಾಯಿತು ಎನ್ನುವುದು ಅವರ ದುರ್ಬೀನಿಗೆ ಕಾಣಬೇಕು, ನಂಬುವಂತೆ ಕಾಣಬೇಕು. ಶಾಲೆಗೆ ಹೊಡೆಯಲಿದ್ದ ದಿನ ನಾನು ಮಕ್ಕಳಿಗೆಲ್ಲ ಮಂಗನಬಾವು ತರಿಸಿದೆ. ಇಡೀ ಓಣಿ ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿತು. ಆಚೆಯ ವೈದ್ಯ ಕನಿಕರಪಟ್ಟು ಬಾಣದ ತುದಿಗೆ ಲೇಪದ ಬೇರು ಕಟ್ಟಿ ಕಳಿಸಿದ. ಆದರೆ ಒಮ್ಮೆ ಬಳಸಿದ ನೆಪ ಮುಗಿಯಿತು. ಮತ್ತೆ ಅದನ್ನೇ ಹೂಡಿದರೆ ಅವರು ಬಂದು ಗಲ್ಲ ಮುಟ್ಟಿ ನೋಡುತ್ತಾರೆ.

ಇನ್ನೊಂದು ಕಟ್ಟಳೆಯೂ ಇದೆ. ಒಮ್ಮೆ ತಪ್ಪಿಸಿಕೊಂಡರೆ ಮುಂದಿನದನ್ನು ತಿನ್ನಬೇಕು. ಇದಕ್ಕೆ ಪೆಟ್ಟಿನ ಸರದಿ ಎನ್ನುತ್ತೇವೆ. ಸರದಿ ಬಂದ ಮನೆಯವರು ಒಳ್ಳೆಯ ಪಾತ್ರೆಗಳನ್ನು ನೀರಿಗೆ ಹೋದಂತೆ ಮಾಡಿ ಒಂದೊಂದಾಗಿ ನೆರೆಮನೆಗೆ ಸಾಗಿಸುತ್ತಾರೆ, ಕೊಟ್ಟಿಗೆ ಹಾರಿಹೋಗುವುದನ್ನು ಓಣಿಯಲ್ಲಿ ನಿಂತು ನೋಡುತ್ತಾರೆ, ಆಮೇಲೆ ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ಬೇಗ ಬಡಿದುಕೊಂಡರೂ ತಪ್ಪು, ತಡವಾದರೂ ತಪ್ಪು. ಕೊಟ್ಟಿಗೆಯನ್ನು ಊರೇ ಸೇರಿ ಮತ್ತೆ ಕಟ್ಟಿಕೊಡುತ್ತದೆ. ಬಡವರು ಈ ಸರದಿಯನ್ನು ಮರುಮಾತಿಲ್ಲದೆ ತಿಂದುಕೊಂಡು ಬಂದಿದ್ದಾರೆ. ಗೌಡರ ಮನೆಯ ಕಡೆ ಬಂದಾಗ ಮಾತ್ರ ಸರದಿ ದಾರಿ ತಪ್ಪುತ್ತದೆ.

ನಾನು ಆಗುವುದಿಲ್ಲ ಎಂದೆ. ಗೌಡರು ಚಾವಡಿಗೆ ಹೋದರು. ಚಾವಡಿಯಲ್ಲಿ ಕೂರುವವರಲ್ಲಿ ಅರ್ಧ ಅವರ ಬೀಗರು, ಇನ್ನರ್ಧ ಅವರ ಬೀಗರಾಗಬೇಕೆಂದಿರುವವರು. ಸಂಜೆಗೆ ನನಗೆ ಹೇಳಿಕಳಿಸಿದರು, ಇದೊಂದು ಸಲ ಕೊಟ್ಟುಬಿಡು ಎಂದು. ಹಲ್ಲು ಕಚ್ಚಿಕೊಂಡು ಹೊಸೆದೆ. ಆಚೆಯವರ ಎಮ್ಮೆಗಳು ಕೊಳ್ಳದಲ್ಲಿ ಮೇಯಲು ಇಳಿಯುತ್ತವೆ. ತೋಟದ ಬೇಲಿಯನ್ನು ಮಳೆಗೆ ಕುಸಿದಂತೆ ಒಂದು ಕಡೆ ಬೀಳಿಸಿ, ಒಳಗೆ ಹಿಂಡಿ ಚೆಲ್ಲಿಸಿದೆ. ಬೆಳಗಾಗುವಷ್ಟರಲ್ಲಿ ಅವರ ಎಮ್ಮೆಗಳೆಲ್ಲ ನಿಂಬೆಗಿಡಗಳ ನಡುವೆ ನಿಂತಿದ್ದವು. ತಮ್ಮ ಎಮ್ಮೆಗಳ ಮೇಲೆ ಯಾರು ಗುಂಡು ಹಾರಿಸುತ್ತಾರೆ? ತೋಪು ಸುಮ್ಮನಾಯಿತು. ಗೌಡರು ನನಗೆ ಒಂದು ಬುಟ್ಟಿ ನಿಂಬೆಹಣ್ಣು ಕಳಿಸಿದರು. ಅಷ್ಟು ಒಳ್ಳೆಯ ನೆಪ, ಅದನ್ನು ಯಾವುದಾದರೂ ಬಾಣಂತಿಯ ಮನೆಗೋ ಕುರುಡನ ಗುಡಿಸಿಲಿಗೋ ಇಡಬೇಕಿತ್ತು ಎಂದು ನನಗೆ ಹೊಟ್ಟೆ ಉರಿಯಿತು. ಬುಟ್ಟಿಯನ್ನು ಬಾಗಿಲಿಂದಲೇ ವಾಪಸು ಕಳಿಸಿದೆ.

ಕೆಲವು ದಿನಗಳ ಮೇಲೆ ಫಕ್ರುಸಾಬ ಮೈತುಂಬ ಹಿಟ್ಟು ಮೆತ್ತಿಕೊಂಡೇ ಓಡಿಬಂದ. ನೀರು ಕೊಟ್ಟೆ, ಕುಡಿಯಲಿಲ್ಲ.

"ಏನಂತ ಕಾಕಾ ಅತ್ತಿ?"

"ಅವರ ಹಿರ್ಯಾಗ ಸಂಶೇ ಬಂದೈತಿ ಯವ್ವಾ. ಮ್ಯಾಲಿಂದ ಮ್ಯಾಲ ಹುಸಿ ಹೋದ್ವಲ್ಲಾ, ಬಣವಿ, ಹಂದರ, ಈಗ ತ್ವಾಟ. ಇವರಿಗೆ ಎಲ್ಲಿಂದೋ ಸುದ್ದಿ ಮುಟ್ಟಾಕತ್ತೈತಿ ಅಂದ. ನಾಳೆ ಮಧ್ಯಾಹ್ನ ಇವರ ಗುಡ್ಡದ ಚೌಕಿಗೆ ಹೊಡೀರಿ, ಕಾವಲದವ ಒಳಗ ಕುಂತಿದ್ದಾ ಅಂದ್ರ ಇವರಿಗೇನೂ ಗೊತ್ತಿಲ್ಲ, ಎದ್ದು ಹೋಗಿದ್ದಾ ಅಂದ್ರ ನಾಡಿದ್ದಿನಿಂದ ಯಾರೂ ಬಾಯಿ ಬಿಡಬ್ಯಾಡ್ರಿ, ಬರೇ ಕೈಸನ್ನಿ ಅಂದ."

ಅವನು ನನ್ನ ಮುಖ ನೋಡದೆ ಇದನ್ನೆಲ್ಲ ಹೇಳಿದ. ಚೌಕಿ ಕಾಯುವವನು ಯಮನೂರಪ್ಪ, ನನ್ನ ತಮ್ಮ. ಅವ್ವ ಸತ್ತಾಗ ಅವನಿಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲಿಟ್ಟುಕೊಂಡೇ ನಾನು ದೊಡ್ಡವಳಾದೆ. ಈಗ ಅವನಿಗೆ ಮೀಸೆ ಬಂದಿತ್ತು, ಅದನ್ನು ತಿರುವುವುದೇ ಅವನಿಗೆ ಕೆಲಸವಾಗಿತ್ತು.

ನಾನು ನೇರವಾಗಿ ಚಾವಡಿಗೆ ಹೋದೆ. ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದೆ. ಗೌಡರು, "ಇದಕ್ಕ ನೆಪಾ ಹೊಸ್ಯಾಕ ಬರಂಗಿಲ್ಲೇನವಾ?" ಎಂದು ಕೇಳಿದರು. ಅಯ್ಯೋ, ನನಗೆ ಮೈಯೆಲ್ಲ ಉರಿದುಹೋಯಿತು.

"ಇದು ಪರೀಕ್ಷಾ ಐತ್ರಿ ಗೌಡ್ರ. ಎಂಥಾ ನೆಪಾ ಹೂಡಿದ್ರೂ ಅದ ಅವರಿಗೆ ಉತ್ತರ ಆಗ್ತೈತಿ. ಒಳಗ ಒಬ್ಬ ಗಂಡಸು ಇರಬೇಕು, ಅಷ್ಟ. ಯಮನೂರಿನ ಇರಬೇಕಂತ ಏನಿಲ್ಲ. ಕಾವಲದವರು ಆಗಾಗ ಬದಲಿ ಆಕ್ಕೋತ ಇರ್ತಾರ. ಲಿಂಬಿಗಿಡಾ ಉಳಿಸ್ಕೊಂಡವರು ಹೋಗಿ ಕೂಡ್ರಲಿ."

ಆಗ ನೋಡಬೇಕಿತ್ತು ಚಾವಡಿಯನ್ನು. ಗೌಡರ ಮೊಣಕಾಲು ಆ ಕ್ಷಣದಿಂದಲೇ ನೋಯತೊಡಗಿತು, ಗುಡ್ಡ ಹತ್ತಲು ಸಾಧ್ಯವೇ ಇಲ್ಲವಂತೆ. ಅವರ ಬೀಗರೊಬ್ಬರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರಂತೆ. ಒಬ್ಬನಿಗೆ ಇರುಳುಗಣ್ಣು, ಗುಂಡು ಬೀಳುವುದು ಮಧ್ಯಾಹ್ನ ಎಂದರೂ ಅವನಿಗೆ ಇರುಳುಗಣ್ಣೇ. ಇನ್ನೊಬ್ಬ ದೇವರಿಗೆ ಹರಕೆ ಹೊತ್ತಿದ್ದಾನೆ, ಎತ್ತರದ ಜಾಗಕ್ಕೆ ಹೋಗುವುದಿಲ್ಲವೆಂದು. ನನ್ನ ಕಸುಬಿನ ಎದುರಿಗೆ ಕೂತು ನನಗೇ ನೆಪ ಹೇಳುತ್ತಿದ್ದರು, ಅದೂ ಎಂಥ ಹರಕು ನೆಪಗಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ.

"ನಾನ ಧೋತರಾ ಉಟ್ಟು, ರುಂಬಾಲ ಸುತ್ತಿ ಕೂಡ್ರತೀನಿ," ಎಂದೆ.

"ನಿನ್ನ ನಡಿಗಿ ಅವರಿಗೆ ಗೊತ್ತೈತಿ ತಂಗಿ. ದಿನಾ ಬುತ್ತಿ ಹೊತ್ಕೊಂಡು ಹತ್ತತಿ, ಇಳೀತಿ. ದುರ್ಬೀನಾಗ ನೋಡಿರ್ತಾರ," ಎಂದರು ಗೌಡರು. ಅದು ನಿಜವಾಗಿತ್ತು. ಆ ಮನುಷ್ಯ ಸರಿಯಾದ ಮಾತಾಡಿದ್ದು ಅದೊಂದೇ ಸಲ.

ಬೇರೆ ಯಾರದೋ ತಮ್ಮ ಹೋಗಿ ಕೂತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇ ಎಂದು ನೀವು ಕೇಳಬಹುದು. ಆಗುತ್ತಿತ್ತು. ಯಾಕೆ ಸುಳ್ಳು ಹೇಳಲಿ? ಆದರೆ ಯಾರೂ ಏಳಲಿಲ್ಲ. ಕಾವಲಿನವನಿಗೆ ಹೇಳಬಾರದು, ಹೇಳಿದರೆ ಮುಖ ಕೆಡುತ್ತದೆ, ಮುಖ ಕೆಟ್ಟರೆ ದುರ್ಬೀನಿಗೆ ಕಾಣುತ್ತದೆ ಎಂದು ತೀರ್ಮಾನಿಸಿ, ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು.

ಮಾರನೆಯ ದಿನ ದಿನದಂತೆ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದೆ. ದಾರಿಯುದ್ದಕ್ಕೂ ನಗುಮುಖ ಇಟ್ಟುಕೊಂಡಿದ್ದೆ. ಚೌಕಿ ಎಂದರೆ ನಾಲ್ಕು ಕಲ್ಲುಕಂಬ, ಮೇಲೊಂದು ತಗಡು, ಎಲ್ಲ ಕಡೆಯಿಂದಲೂ ಕಾಣುವ ಜಾಗ. ಯಮನೂರಿ ಕಾಲು ಚಾಚಿ ಕೂತು ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. ಬುತ್ತಿಯ ಗಂಟು ಬಿಚ್ಚಿದವನು ಒಮ್ಮೆ ಅದರೊಳಗೆ, ಒಮ್ಮೆ ನನ್ನ ಕಡೆಗೆ ನೋಡಿದ.

"ಹೋಳಿಗಿ ಮಾಡೀಯಲ್ಲಾ. ಇವತ್ತ ಯಾ ಹಬ್ಬಾನ ಅಕ್ಕಾ?"

ನಾನು ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ಬೆಲ್ಲ ಉಳಿದಿತ್ತು ಎನ್ನಬಹುದಿತ್ತು, ಹರಕೆ ಎನ್ನಬಹುದಿತ್ತು, ನೆರೆಮನೆಯವರು ಕೊಟ್ಟರು ಎನ್ನಬಹುದಿತ್ತು. ಇದೇ ಊರಿನ ಹೆಣ್ಣಾಗಿ, ಇದೇ ಕಸುಬು ಮಾಡಿಕೊಂಡು, ಬೆಳಗ್ಗೆ ಎದ್ದು ಬುದ್ಧಿಗೇಡಿಯಂತೆ ಹೂರಣ ರುಬ್ಬಿದ್ದೆ. ಅವನಿಗೆ ಹೋಳಿಗೆ ಎಂದರೆ ಪ್ರಾಣ ಎಂಬುದಷ್ಟೇ ನನಗೆ ನೆನಪಿದ್ದದ್ದು.

ಯಮನೂರಿ ನಮ್ಮೂರಿನ ಹುಡುಗನೇ ತಾನೆ. ಮತ್ತೆ ಮೀಸೆಗೆ ಕೈ ಹಾಕಿ ತಿರುವುತ್ತ, "ಯಾವಾಗ?" ಎಂದ.

"ಹೊತ್ತು ನೆತ್ತಿ ಮ್ಯಾಲ ಬಂದಾಗ."

"ನಗಕೋತ ಹೇಳು. ನೋಡಾಕತ್ತಿರ್ತಾರ."

ನಾನು ನಗುತ್ತ ಎಲ್ಲ ಹೇಳಿದೆ. ಪರೀಕ್ಷೆಯ ಮಾತು, ಕೈಸನ್ನೆಯ ಮಾತು, ಚಾವಡಿಯಲ್ಲಿ ನಡೆದದ್ದು. ಅವನು ಹೋಳಿಗೆ ಮುರಿದು ತುಪ್ಪಕ್ಕೆ ಅದ್ದುತ್ತ ಕೇಳಿಸಿಕೊಂಡ.

"ಲಿಂಬಿ ಹಣ್ಣಿಗೇನ ಅಕ್ಕಾ? ಮಾವಿನ ತ್ವಾಟಾ ಆಗಿದ್ರ ಒಂದು ಮಾತು," ಎಂದು ನಿಜವಾಗಿಯೇ ನಕ್ಕುಬಿಟ್ಟ.

"ಗುಂಡು ಹಾರೂ ಹೊತ್ತಿಗೆ ಒಂದಕ್ಕ ಹೋದಂಗ ಮಾಡಿ ಆ ಬಂಡಿಗಲ್ಲಿನ ಹಿಂದ ಹೋಗಿಬಿಡು. ಯಾವ ಮನಶ್ಯಾಗರ ಬರೂದ ಅದು. ಯಾರು ಏನಂತಾರ?"

"ಅದನ್ನ ಹೋದ ತಿಂಗಳ ಗೌಡರ ಅಳಿಯಾ ಖರ್ಚ ಮಾಡ್ಯಾನ. ಇಲ್ಲೇ ಕುಂತಿದ್ದ, ಸಣ್ಣ ಗುಂಡು ಬರೂದಿತ್ತು. ನೀನ ಹೇಳಿಕೊಟ್ಟಿದ್ದಿ ಅವಗ."

ಹೇಳಿಕೊಟ್ಟಿದ್ದೆ. ಆ ಅಳಿಯನನ್ನು ಹಿಡಿದು ಬಡಿಯಬೇಕೆನಿಸಿತು. ಆ ಸಣ್ಣ ಗುಂಡು ಬಿದ್ದಿದ್ದರೆ ಅವನಿಗೆ ಹೆಚ್ಚೆಂದರೆ ಕಿವಿ ಗುಂಯ್‌ಗುಡುತ್ತಿತ್ತು. ಇಡೀ ಜಗತ್ತು ನಂಬುವಂಥ ನೆಪವನ್ನು, ಉಚ್ಚೆಯ ನೆಪವನ್ನು ಕೂಡ, ಆ ಮನೆಯವರು ಬೇರೆಯವರಿಗೆ ಉಳಿಸಿರಲಿಲ್ಲ.

"ಹಂಗಾದ್ರ ನಡಿ, ಇಳದು ಹೋಗೂಣು," ಎಂದೆ. ನನ್ನ ದನಿ ಏರಿತ್ತು. "ಹಾಳಾಗಿ ಹೋಗ್ಲಿ ಅತ್ತಿ. ಹಾಳಾಗಿ ಹೋಗ್ಲಿ ಊರು. ಇಂಥವರಿಗಾಗಿ ನೀ ಕೂಡ್ರೂದು ಬ್ಯಾಡ."

"ಗೌಡಗಾಗಿ ಕೂಡ್ರಾಕತ್ತಿಲ್ಲಾ ನಾ," ಎಂದ ಯಮನೂರಿ. "ಕಟ್ಟಿ ಒಡದ್ರ ಮೊದಲ ನೀರು ಬರೂದು ನಮ್ಮ ಓಣಿಗೆ. ಗೌಡರ ಮನಿ ದಿಬ್ಬದ ಮ್ಯಾಲ ಐತಿ. ಆ ಮಾತು ಅವರ ಬಾಯಿಂದ ಬರೂ ದಿನಾ ಅತ್ತಿಗೆ ಕೇಳಬೇಕೋ ಬ್ಯಾಡೋ? ನೀ ಈಗ ಇಳಿ. ನೀ ಇಷ್ಟೊತ್ತು ಎಂದೂ ಕೂಡ್ರಂಗಿಲ್ಲ. ಅವರು ನೋಡತಾರ."

ಅವನ ತಲೆ ಮುಟ್ಟಲಿಲ್ಲ. ಮುಟ್ಟುವಂತಿರಲಿಲ್ಲ. ದಿನಾ ಯಾವ ಅಕ್ಕ ಬುತ್ತಿ ಕೊಟ್ಟು ತಲೆ ಸವರಿ ಹೋಗುತ್ತಾಳೆ? ಖಾಲಿ ಗಂಗಾಳ ಎತ್ತಿಕೊಂಡು, ಸೆರಗು ಕೊಡವಿ, ದಿನದ ನಡಿಗೆಯಲ್ಲೇ ಇಳಿದೆ. ಹಿಂದಿನಿಂದ ಅವನು, "ನಾಳೆ ಖಾರ ಜಾಸ್ತಿ ಹಾಕು," ಎಂದು ಕೂಗಿದ, ಆಚೆಯವರಿಗೆ ಕೇಳುವಷ್ಟು ಜೋರಾಗಿ. ಅರ್ಧ ಗುಡ್ಡ ಇಳಿದಿದ್ದೆ, ತೋಪಿನ ಸದ್ದು ಬಂತು. ಗುಂಡು ಗುರಿ ತಪ್ಪಲಿಲ್ಲ.

ಮಣ್ಣು ಮಾಡುವ ದಿನ ಊರೆಲ್ಲ ಬಂದಿತ್ತು. ಗೌಡರು ಎಲ್ಲರಿಗಿಂತ ಜೋರಾಗಿ ಅತ್ತರು, ಮೊಣಕಾಲು ನೋವು ಮರೆತು ಗೋರಿಯವರೆಗೆ ನಡೆದರು. ನಾನು ಅಳಲಿಲ್ಲ. ಅತ್ತರೆ ಅವರೆಲ್ಲ ನನ್ನನ್ನು ಸಮಾಧಾನ ಮಾಡಲು ಬರುತ್ತಾರೆ ಎಂದು ಹೆದರಿದೆ. ಆ ಸಂಜೆ ಫಕ್ರುಸಾಬ ಬಂದು ಅತ್ತೆ ಹೇಳಿದ್ದನ್ನು ಹೇಳಿದ. ಅವರ ಹಿರಿಯ, "ಪಾಪ, ಮೀಸಿ ತಿರುವಕೋತ ಕುಂತಿದ್ದ ಹುಡುಗ. ಅವರಿಗೇನೂ ಗೊತ್ತಿಲ್ಲ ಬಿಡ್ರಿ, ನಮ್ಮ ದೈವನ ಸರಿ ಇರಲಿಲ್ಲ," ಎಂದನಂತೆ. ಆಮೇಲೆ ಎಂದಿನಂತೆ ಬಾಯಿ ತುಂಬ ಮಾತಾಡಿದರಂತೆ. ಅಂದರೆ ಅತ್ತೆ ಉಳಿದಳು.

ಹಾಲುತುಪ್ಪದ ಕಾರ್ಯ ಮುಗಿದು ಗಂಗಾಳಗಳನ್ನು ಇನ್ನೂ ತೊಳೆದಿರಲಿಲ್ಲ, ದ್ಯಾಮನಗೌಡರು ಕಟ್ಟೆ ಹತ್ತಿದರು. ಮೊದಲು ಯಮನೂರಿಯನ್ನು ಹೊಗಳಿದರು. ಚೌಕಿಯ ಬಳಿ ಅವನ ಹೆಸರಿನ ಕಲ್ಲು ನಿಲ್ಲಿಸುತ್ತಾರಂತೆ. ಆಮೇಲೆ ಪಟಗ ತೆಗೆದು ತೊಡೆಯ ಮೇಲಿಟ್ಟರು. ಪಟಗ ತೊಡೆಗೆ ಬಂತೆಂದರೆ ಏನು ಬರುತ್ತದೆಂದು ನನಗೆ ಗೊತ್ತು.

"ಈಗ ಅವರ ಸಂಶೇ ಹೋತಲ್ಲಾ ತಂಗಿ. ಪೆಟ್ಟಿನ ಸರದೀನೂ ತಿಂದಂಗ ಆತು. ಮುಂದಿನ ವಾರ ನಮ್ಮ ಮನಿಗೆ ಹೊಡೀತಾರಂತ. ಹೆಣ್ಮಕ್ಕಳು, ಸಾಮಾನು, ಎಲ್ಲಾ ಅದಾವು. ಒಂದು ಚಲೋ ನೆಪಾ..."

ಬೈಯಬೇಕೆಂದರೆ ಬೈಗುಳ ಸಾಲದೆ ಬಂತು. ಇಂಥವರಿಗೆ ಏನು ಹೇಳುವುದು? ಸಿಟ್ಟಿನ ತುದಿಯಲ್ಲಿ ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟೆ. "ಚೌಕಿ ಖಾಲಿ ಬಿದ್ದೈತ್ರಿ ಗೌಡ್ರ. ಕಾವಲದವ ಸತ್ತಾ, ಊರ ಹಿರ್ಯಾ ತಾನ ಹೋಗಿ ಕಾಯಾಕ ಕುಂತಾ, ಮಂದಿ ಮಕ್ಕಳನ್ನೆಲ್ಲಾ ಗುಡ್ಡದ ಹಿಂದಿನ ಗುಡಿಗೆ ಕರಕೊಂಡು ಹೋದಾ, ಮನಿ ಕೀಲಿ ಹಾಕ್ದಾ. ಯಾರ ನೋಡಿದ್ರೂ ನಂಬತಾರ."

ಚುಚ್ಚಲೆಂದು ಹೇಳಿದ್ದೆ. ಗೌಡರ ಮುಖ ಅರಳಿತು. "ಒಮ್ಮೆ ಹೊಡದಲ್ಲಿ ಮತ್ತ ಹೊಡ್ಯಂಗಿಲ್ಲ ಅವರು, ಹೌದಲ್ಲೋ? ಭೇಷ್, ತಂಗಿ, ಭೇಷ್!" ಎಂದು ಎದ್ದೇಬಿಟ್ಟರು. ಮೊಣಕಾಲಿನ ಮಾತೇ ಬರಲಿಲ್ಲ. ಮರುದಿನ ಬೆಳಗ್ಗೆ ಹೊಸ ಪಟಗ ಸುತ್ತಿ, ಹಣೆಗೆ ವಿಭೂತಿ ಬಳಿದು, ಗುಡ್ಡ ಹತ್ತಿದರು. ಓಣಿಯ ಹೆಂಗಸರು ಆರತಿ ಎತ್ತಿದರು. ಹಿರಿಯರೆಂದರೆ ಹೀಗಿರಬೇಕು ಎಂದು ಚಾವಡಿಯವರು ಕಣ್ಣೊರೆಸಿಕೊಂಡರು.

ಫಕ್ರುಸಾಬ ನನ್ನ ಪಕ್ಕಕ್ಕೆ ಬಂದು ನಿಂತಿದ್ದ. "ಭಾಳ ಚಲೋ ನೆಪಾ ಯವ್ವಾ. ಕೇಳಿದ ಕೂಡ್ಲೆ ಎದ್ದು ಹೊಂಟಬಿಟ್ರ ನೋಡು," ಎಂದ.

ಆಗ ನನಗೆ ಹೊಳೆಯಿತು. ಚೌಕಿಗೆ ಹೊಡೆಯುವ ಸುದ್ದಿ ಆ ದಿನ ಮೊದಲು ಬಂದದ್ದು ನನಗೆ. ನಾನು ಚಾವಡಿಗೆ ಹೋಗಿ, ನಾಳೆ ಮಧ್ಯಾಹ್ನ ಗೌಡರ ಮನೆಗೆ ಹೊಡೆಯುತ್ತಾರಂತೆ, ಗೌಡರು ಚೌಕಿಗೆ ಹೋಗಿ ಕೂತರೆ ಒಳ್ಳೆಯ ನೆಪವಾಗುತ್ತದೆ ಎಂದಿದ್ದರೆ, ಇದೇ ಮನುಷ್ಯ ಇದೇ ದಾರಿಯಲ್ಲಿ ಹೀಗೇ ಹತ್ತಿ ಹೋಗುತ್ತಿದ್ದ, ಯಮನೂರಿ ಇಳಿದು ಮನೆಗೆ ಬರುತ್ತಿದ್ದ. ಬುದ್ಧಿ ಬಂದಾಗಿನಿಂದ ಈ ಊರಿಗೆ ಸುಳ್ಳು ಹೊಸೆದುಕೊಟ್ಟವಳು ನಾನು. ಆ ಒಂದು ದಿನ ನಿಜ ಹೇಳಿದೆ.